ಕಣ್ಣು ಮುಚ್ಚದ ಚಿನ್ನಕ್ಕಿ

2025ನೇ ಇಸವಿ ಜನವರಿ ಒಂಬತ್ತು, ಗುರುವಾರ. ಬೆಳಿಗ್ಗೆ ಏಳೂವರೆಯ ಸುಮಾರಿಗೆ ಕಂಪ್ಲಿ ಠಾಣೆಯ ಮುಂದೆ ಸಿನಿಮಾ ಕಂಪನಿಯ ವ್ಯಾನು ಬಂದು ನಿಂತಿತು. ಇಳಿದವನು ಕಂಪನಿಯ ಮ್ಯಾನೇಜರ್ ಹನುಮೇಶ್. ಹೆಡ್ ಕಾನ್‌ಸ್ಟೆಬಲ್ ಪಕ್ಕೀರಪ್ಪ ಆಗಷ್ಟೇ ಚಹಾ ಬಾಯಿಗಿಟ್ಟಿದ್ದ.

"ಸಾರ್, ಗಿರಣಿಯಾಗ ನಮ್ಮ ಹುಡುಗನ್ನ ಕೊಂದಾರ. ಗೊಂಬಿನೂ ಇಲ್ಲ."

"ಯಾರು ಕೊಂದ್ರು? ಗೊಂಬೀನ ಏನು?"

"ಚೇಷ್ಟಿ ಮಾಡಬ್ಯಾಡ್ರಿ ಸಾರ್."

"ಚೇಷ್ಟಿ ನೀವು ಕಲಿಸಿದ್ದಪಾ. ಮೊದಲನೇ ಪಿಕ್ಚರ್ ಟೈಮಿಗೆ ಗೊಂಬಿ ಎದ್ದು ಓಡ್ಯಾಡ್ತೈತಿ ಅಂತ ಟೀವಿಯವರನ್ನ ಕರಸಿದ್ರಿ. ನಾವು ಲಾಠಿ ಹಿಡಕೊಂಡು ಗೊಂಬಿ ಕಾದ್ವಿ. ಮರುದಿನ ನೋಡಿದ್ರ ಪಿಕ್ಚರ್ ರಿಲೀಸ್."

ಹನುಮೇಶನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಜಾಹೀರಾತಿಗೆ ಬಂದವನು ಬರಿಗಾಲಲ್ಲಿ ಬರುವುದಿಲ್ಲ ಅಂದುಕೊಂಡ ಪಕ್ಕೀರಪ್ಪ ಲೋಟ ಕೆಳಗಿಟ್ಟು ಇನ್‌ಸ್ಪೆಕ್ಟರ್ ಬಸವಕುಮಾರ್ ಅವರಿಗೆ ಫೋನ್ ಹಚ್ಚಿದ. ಹನುಮೇಶನ ಫಿರ್ಯಾದಿನ ಮೇಲೆ ಬಿಎನ್‌ಎಸ್ ಕಲಂ 103ರ ಅಡಿ ಎಫ್‌ಐಆರ್ ದಾಖಲಾಯಿತು.

ಆ ಸಿನಿಮಾ ಗೊತ್ತಿಲ್ಲದವರು ಈ ಕಡೆ ಕಡಿಮೆ. ಹೆಸರು ‘ಚಿನ್ನಕ್ಕಿ’. ಕಟ್ಟಿಗೆಯ ಹುಡುಗಿ ಗೊಂಬೆಯೊಂದು ಎದ್ದು ಕುಂತು, ಕುಡಗೋಲು ಹಿಡಿದು, ಮಲಗಿದವರ ಕೊಳ್ಳು ಕೊಯ್ಯುತ್ತ ಹೋಗುವ ಕತೆ. ಕೊನೆಗೆ ಊರವರೆಲ್ಲ ಸೇರಿ ಅದನ್ನು ಸುಡುತ್ತಾರೆ. ಹೊಸಪೇಟೆಯಲ್ಲಿ ಜನ ಮುಗಿಬಿದ್ದು ನೋಡಿದರು. ಓಡಿದ ಕುದುರೆಗೆ ಇನ್ನೊಂದು ಏಟು ಅನ್ನೋ ಹಾಗೆ ಈಗ ಎರಡನೇ ಭಾಗ ತೆಗೆಯುತ್ತಿದ್ದರು. ಅದಕ್ಕೆ ಕಂಪ್ಲಿಯ ಹೊರಗಿನ ಹಳೇ ಅಕ್ಕಿ ಗಿರಣಿಯನ್ನು ಬಾಡಿಗೆಗೆ ಹಿಡಿದಿದ್ದರು. ಒಂದು ಕಾಲಕ್ಕೆ ಆ ಗಿರಣಿಯ ತೌಡಿನ ವಾಸನೆ ಅರ್ಧ ಊರಿಗೆ ಬರುತ್ತಿತ್ತು. ಈಗ ಬಾವಲಿಗಳ ವಾಸನೆ.

ಭತ್ತ ನೆನೆಹಾಕುವ ತೊಟ್ಟಿಯ ಪಕ್ಕದಲ್ಲಿ ಈಶ್ವರ್ ಬಿದ್ದಿದ್ದ. ಕಂಪ್ಲಿಯ ಬಡಿಗೇರ ಮನೆಯ ಹುಡುಗ, ಮೂವತ್ತರ ಆಸುಪಾಸು. ಅಪ್ಪನ ಕೈಕೆಳಗೆ ಬಾಗಿಲು ಚೌಕಟ್ಟು ಮಾಡುತ್ತಿದ್ದವನು ಸಿನಿಮಾದವರ ಸೆಟ್ಟಿಗೆ ಸೇರಿದ್ದ. ಎಡಗಡೆ ಕೊಳ್ಳಿನಲ್ಲಿ ಅವನದೇ ಸಣ್ಣ ಉಳಿ ಹಿಡಿಯ ತನಕ ಇಳಿದಿತ್ತು. ನೆಲದ ತುಂಬ ಕೆಂಪು. ಹಿಂದಿನ ದಿನದ ಶೂಟಿಂಗಿಗೆ ಚೆಲ್ಲಿದ್ದ ಸಕ್ಕರೆ ಪಾಕದ ರಕ್ತ ಯಾವುದು, ಈಶ್ವರನ ರಕ್ತ ಯಾವುದು ಅಂತ ಮೊದಲ ನೋಟಕ್ಕೆ ತಿಳಿಯುವಂತಿರಲಿಲ್ಲ. ಪಾಕಕ್ಕೆ ಇರುವೆ ಹತ್ತಿದ್ದವು. ಇನ್ನೊಂದಕ್ಕೆ ನೊಣ ಮುತ್ತಿದ್ದವು. ಬಸವಕುಮಾರ್ ಇಬ್ಬರು ಪಂಚ ಸಾಕ್ಷಿಗಳ ಮುಂದೆ ಎರಡಕ್ಕೂ ಬೇರೆ ಬೇರೆ ಗುರುತು ಹಾಕಿಸಿದರು.

"ಬಲಗೈ ಹೆಬ್ಬೆರಳು ನೋಡ್ರಿ," ಅಂದರು ಬಸವಕುಮಾರ್.

ಹೆಬ್ಬೆರಳಿಗೆ ಅರಿಶಿನ ಬೆರೆಸಿದ ಜೇನುಮೇಣ ಮೆತ್ತಿತ್ತು. ಅದರ ಮೇಲೆ ರಕ್ತದ ಒಂದು ಹನಿಯೂ ಇರಲಿಲ್ಲ. ಅಂಗೈಯೋ ರಕ್ತದಲ್ಲಿ ತೊಯ್ದು ಒಣಗಿತ್ತು. ಅಂದರೆ ಮೇಣ ಹತ್ತಿದ್ದು ರಕ್ತ ಹರಿದ ಮೇಲೆ. ಸತ್ತವನ ಬೆರಳಿಗೆ ಮೇಣ ಯಾರು ಹಚ್ಚುತ್ತಾರೆ? ಗೊಂಬೆ ಕೂರಿಸುತ್ತಿದ್ದ ಕುರ್ಚಿ ಖಾಲಿ ಇತ್ತು. ಅದರ ಕೆಳಗೆ ಎರಡು ವೀಳ್ಯದೆಲೆ, ಒಂದು ಅಡಿಕೆ, ಮೇಣದ ಬಟ್ಟಲು.

ಬಟ್ಟಲು ನೋಡಿದ ಪಕ್ಕೀರಪ್ಪ ಟೋಪಿ ತೆಗೆದ. ಅವನ ತಾಯಿಯ ತವರಿನಲ್ಲಿ ಇಂಥದ್ದೊಂದು ಪದ್ಧತಿ ಇತ್ತು. ಎಳೆ ಮಗು ಸತ್ತರೆ ಬಡಿಗೇರನಿಂದ ಅದರ ಮುಖದ ಗೊಂಬೆ ಕೆತ್ತಿಸಿ, ಅವನ ಕೈಯಿಂದಲೇ ಕಣ್ಣು ತೆರೆಸಿ, ದೇವರ ಜಗಲಿಯ ಮೇಲೆ ಕೂರಿಸುತ್ತಿದ್ದರು. ಮೂರು ವರ್ಷ ಅದಕ್ಕೆ ಎಡೆ ಇಡುವುದು, ಹಬ್ಬಕ್ಕೆ ಲಂಗ ಹೊಲಿಸುವುದು. ಆಮೇಲೆ ಕಣ್ಣು ತೆರೆದ ಕೈಯೇ ಮೇಣ ಹಚ್ಚಿ ಕಣ್ಣು ಮುಚ್ಚಿ ಹೊಳೆಗೆ ಬಿಡಬೇಕು. ಹೆತ್ತವಳು ಅದನ್ನು ನೋಡಬಾರದು. ಕಣ್ಣು ಮುಚ್ಚದೆ ಬಿಟ್ಟರೆ ಮಗು ತನ್ನ ದಾರಿ ಹಿಡಿಯುವುದಿಲ್ಲ, ಮನೆಯ ಕಡೆಗೇ ನೋಡುತ್ತ ನಿಂತಿರುತ್ತದೆ ಅನ್ನುತ್ತಿದ್ದರು.

"ಹನುಮೇಶ, ಈ ಗೊಂಬಿ ಕೇಳ್ಕೊಂತ ಯಾರರ ಬಂದಿದ್ರೇನು?"

"ಒಬ್ಬಾಕಿ ವಾರದಿಂದ ಬರ್ತಿದ್ಲು ಸಾರ್. ಸಂಡೂರಾಕಿ, ವಿರುಪಮ್ಮ ಅಂತ. ಇದು ನನ್ನ ಮಗಳು, ಕೊಡ್ರಿ ಅಂತಿದ್ಲು. ಲೈಟಿನ ಹುಡುಗರು ತಲಿ ಕೆಟ್ಟಾಕಿ ಅಂತ ಚಹಾ ಕೊಟ್ಟು ಕುಂಡ್ರಿಸ್ತಿದ್ರು."

"ಕುಂತು ಏನ್ ಮಾಡ್ತಿದ್ಲು?"

"ಏನಿಲ್ರಿ. ಶಾಟ್ ಮುಗದ ಕೂಡ್ಲೆ ಬಂದು ಗೊಂಬಿ ಲಂಗ ಕೆಳಗ ಎಳದು ಸರಿ ಮಾಡ್ತಿದ್ಲು. ಕೊಳ್ಳು ಕೊಯ್ಯೋ ಶಾಟ್ ಇದ್ರ ಎದ್ದು ಹೊರಗ ಹೋಗ್ತಿದ್ಲು."

"ಗೊಂಬಿ ಎಲ್ಲಿಂದ ತಂದ್ರಿ?"

"ಈಶ್ವರ್ ತಂದಿದ್ದು. ಯಾರದೋ ಮನ್ಯಾಗ ಬಿಟ್ಟಿದ್ದು ಅಂದಿದ್ದ."

"ಮೊದಲನೇದ್ರಾಗ ಸುಟ್ರಲ್ಲ?"

"ಅದು ಫೈಬರ್ ಕಾಪಿ ಸಾರ್. ಕ್ಲೋಸಪ್ಪಿಗೆ ಕಟ್ಟಿಗೀದ ಬೇಕು. ಆ ಮುಖದಾಗ ಏನೋ ಐತಿ."

ಅವಳ ನಂಬರು ಹನುಮೇಶನ ಬಳಿ ಇತ್ತು. ಫೋನು ಆಫ್. ಸಿಮ್ಮಿನ ವಿಳಾಸ ತೆಗೆಸಿ, ಮಹಿಳಾ ಕಾನ್‌ಸ್ಟೆಬಲ್ ಸ್ಫೂರ್ತಿಯನ್ನೂ ಹತ್ತಿಸಿಕೊಂಡು, ಜೀಪು ಸಂಡೂರಿನ ದಾರಿ ಹಿಡಿಯಿತು. ಮಧ್ಯಾಹ್ನ ಒಂದರ ಸುಮಾರಿಗೆ ಅವರು ಮೂಕಣ್ಣನ ಮನೆಯ ಮುಂದೆ ಇದ್ದರು. ವಿರುಪಮ್ಮನ ಗಂಡ, ಅದಿರು ಲಾರಿಯ ಡ್ರೈವರ್. ಕೆಂಪು ಧೂಳು ಹೊಕ್ಕ ಕೂದಲು. ಪೊಲೀಸರನ್ನು ನೋಡಿ ಅವನು ಏಳಲಿಲ್ಲ, ಯಾಕೆ ಬಂದಿರಿ ಅಂತಲೂ ಕೇಳಲಿಲ್ಲ.

"ನಿನ್ನ ಹೆಂಡ್ತಿ ಎಲ್ಲಿ?"

"ಮುಂಜಾನಿ ಯಾರದೋ ಫೋನಿಂದ ಮಾಡಿದ್ಲು. ಮಗಳು ಸಿಕ್ಕಾಳ, ಹಂಪಿ ಚಕ್ರತೀರ್ಥಕ್ಕ ಬಾ, ಹೊಳಿಗೆ ನೀ ಬಿಡು, ನಾ ನೋಡಬಾರ್ದು ಅಂದ್ಲು."

"ನೀ ಯಾಕ ಹೋಗ್ಲಿಲ್ಲ?"

"ಹೆಂಗ ಸಿಕ್ಕಳು ಅಂತ ಕೇಳಿದೆ. ಸುಮ್ಮನಾದ್ಲು. ಆಕಿ ಸುಮ್ಮನಾದ್ರ ನನಗ ಗೊತ್ತಾಗ್ತೈತ್ರಿ. ಹೋದ್ರ ಅದು ಖರೇ ಆಗ್ತೈತಿ ಅಂತ ಇಲ್ಲೇ ಕುಂತೀನಿ."

ಮಗಳು ಪೂಜಿತಾ, ಐದು ವರ್ಷದವಳು, ಜ್ವರದಲ್ಲಿ ಹೋಗಿದ್ದಳು. ಗೊಂಬೆ ಕೆತ್ತಿದವನು ಈಶ್ವರ್. ಮೂರು ವರ್ಷ ತುಂಬಿದ ಮೇಲೆ ಹೊಳೆಗೆ ಬಿಡುತ್ತೇನೆ ಅಂತ ಒಯ್ದವನೂ ಅವನೇ. ಬಂದು, ಬಿಟ್ಟೆನವ್ವ, ತಿರುಗಿ ನೋಡದೆ ಹೋದಳು ಅಂದಿದ್ದನಂತೆ. ಅವನು ಖಾತ್ರಿಯಾಗಿ ಹೇಳಿದ ಆ ಮಾತನ್ನು ತಾಯಿ ವರ್ಷದ ತನಕ ನಂಬಿದ್ದಳು.

"ಪಿಕ್ಚರ್ ನೋಡಿದ್ರೇನು?"

"ಓಣಿ ಹುಡುಗರು ಹೇಳಿದ್ರು, ನಿಮ್ಮ ಪೂಜಿ ಪಿಕ್ಚರ್‌ನಾಗ ಮಂದಿ ಕೊಲ್ತಾಳ ಅಂತ. ಹೊಸಪೇಟಿಗೆ ಕರ್ಕೊಂಡು ಹೋದೆ. ಗೊಂಬಿ ಗಲ್ಲದ ಮಚ್ಚಿ ನೋಡಿ ಗುರುತು ಹಿಡದ್ಲು. ಅದು ಆಕಿನೇ ಸೂಜಿ ಕಾಸಿ ಇಟ್ಟ ಮಚ್ಚಿ. ಕೊನೆಗೆ ಸುಟ್ಟಾಗ ಮಂದಿ ಸೀಟಿ ಹೊಡದ್ರು, ಈಕಿ ಕೈ ಮುಗದ್ಲು. ಹೊಳಿಗೆ ಹೋಗದಿದ್ರ ಹೋಗ್ಲಿ, ಬೆಂಕಿಗೆ ಹೋದ್ಲಲ್ಲ ಅಂದ್ಲು. ಚೆಂದಗ ಇದ್ಲು ಸಾಹೇಬ್ರ. ಭಾಗ ಎರಡು ಅಂತ ಬೋರ್ಡ್ ಹಾಕೋ ತನಕ ಚೆಂದಗ ಇದ್ಲು."

ಹಂಪಿ ತಲುಪುವ ಹೊತ್ತಿಗೆ ನೆರಳು ಉದ್ದವಾಗಿದ್ದವು. ಬಸವಕುಮಾರ್ ಗಡಿಯಾರ ನೋಡುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಹೆಂಗಸನ್ನು ದಸ್ತಗಿರಿ ಮಾಡುವಂತಿಲ್ಲ. ಬಜಾರಿನ ಕಲ್ಲು ಮಂಟಪಗಳನ್ನು ದಾಟಿ ಬಂಡೆಯ ದಾರಿ ಇಳಿದರು.

ಹರಿಗೋಲು ನಿಲ್ಲುವಲ್ಲಿಂದ ಸ್ವಲ್ಪ ಆಚೆ, ವಿರುಪಮ್ಮ ನೀರಿಗೆ ಬೆನ್ನು ಮಾಡಿ ಕುಂತಿದ್ದಳು. ತೊಡೆಯ ಮೇಲೆ ಟವೆಲ್ ಸುತ್ತಿದ ಗೊಂಬೆ. ಇಬ್ಬರು ಹುಡುಗರು ಮೊಬೈಲು ಹಿಡಿದು ನಿಂತಿದ್ದರು. "ಚಿನ್ನಕ್ಕಿ ಅಲಾ ಇದು? ಅಕ್ಕ, ಒಂದು ಫೋಟೊ," ಅನ್ನುತ್ತಿದ್ದರು. ಸ್ಫೂರ್ತಿ ಅವರನ್ನು ಅಟ್ಟಿ ಬಂದು ವಿರುಪಮ್ಮನ ಮಗ್ಗುಲಿಗೆ ಕುಂತಳು.

"ಈಶ್ವರನ್ನ ಹೊಡದಾಕಿ ನೀನಾ?" ಬಸವಕುಮಾರ್ ಕೇಳಿದರು.

"ಹೌದ್ರಿ."

"ಯಾವಾಗ?"

"ಬೆಳಕು ಹರಿಯೋ ಮುಂದ. ಎಲ್ಲಾರೂ ಮಲಗಿದ್ರು, ಅವನೊಬ್ಬ ಗೊಂಬಿಗೆ ಬಣ್ಣ ಹಚ್ಚಾಕತ್ತಿದ್ದ. ಎಲಿ ಅಡಿಕಿ ಒಯ್ದಿದ್ದೆ, ಮೇಣ ಒಯ್ದಿದ್ದೆ. ಒಂದು ಸಲ ಕೈ ಆಡ್ಸಪ್ಪ, ಕಣ್ಣು ಮುಚ್ಚು, ಒಯ್ತೀನಿ ಅಂದೆ. ಈ ಪಿಕ್ಚರ್ ಮುಗೀಲಿ ಯವ್ವ ಅಂದ. ಇದು ಮುಗದ ಮ್ಯಾಲ ಖರೇ ಮುಚ್ತೀಯಾ ಅಂದೆ. ನಕ್ಕ. ಇದು ಓಡಿದ್ರ ಮೂರನೇದು ಐತೆವ್ವ ಅಂದ."

ಅವಳೇ ಮುಂದುವರಿಸಿದಳು.

"ಉಳಿ ಅಲ್ಲೇ ಇತ್ತು. ಹೊಡದ ಮ್ಯಾಲ ನೆನಪಾತು, ಈಕಿ ಕಣ್ಣು ತೆರೆದ ಕೈ ಇದೊಂದೇ ಅಂತ. ಅವನ ಹೆಬ್ಬೆರಳು ಒರಸಿ, ಮೇಣ ಹಚ್ಚಿ, ನಾನ ಹಿಡದು ಒತ್ತಿದೆ. ಒಂದು ಕಣ್ಣಿಗೆ ಹತ್ತಿತ್ತು. ಬಸ್ಸಿನ್ಯಾಗ ಬರೋದ್ರಾಗ ಉದುರಿ ಹೋತು."

ಅವಳು ಟವೆಲ್ ಸರಿಸಿದಳು. ಗೊಂಬೆಯ ಎರಡು ಕಣ್ಣೂ ತೆರೆದಿದ್ದವು. ಅವಳು ಪಕ್ಕೀರಪ್ಪನ ಕಡೆಗೆ ತಿರುಗಿದಳು, ಅವನ ವಯಸ್ಸು ನೋಡಿಯೋ ಏನೋ.

"ಯಣ್ಣ, ಸತ್ತ ಕೈ ಮುಚ್ಚಿದ್ರ ನಡಿತೈತೇನು?"

"ಇಲ್ಲವ್ವ."

"ಬ್ಯಾರೆ ಯಾರರ?"

"ಅದ ರಕ್ತದ ಕೈಯಾದ್ರ ನಡಿತೈತಿ ಅಂತಿದ್ಲು ನಮ್ಮವ್ವ."

"ಈಶ್ವರನ ಅಪ್ಪ ಅದಾನ. ಕೇಳಿ ನೋಡ್ತೀಯಾ?"

ಪಕ್ಕೀರಪ್ಪ ಇನ್‌ಸ್ಪೆಕ್ಟರ್ ಮುಖ ನೋಡಿದ. ಬಸವಕುಮಾರ್ ಗುಡ್ಡದ ಮೇಲಿನ ಬಿಸಿಲು ನೋಡಿದರು. "ಗೊಂಬಿ ಕೇಸಿನ ಮುದ್ದೆಮಾಲು. ಕೋರ್ಟು ಬಿಡೋ ತನಕ ಯಾರೂ ಮುಟ್ಟಂಗಿಲ್ಲ," ಅಂದು, ಆಮೇಲೆ, "ಕೇಳಾಕ ಅಡ್ಡಿ ಇಲ್ಲ," ಅಂದರು. ಸಂಜೆ ಐದೂ ಮುಕ್ಕಾಲಿಗೆ ದಸ್ತಗಿರಿ ಪಂಚನಾಮೆ ಆಯಿತು. ಗೊಂಬೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಹಾಕುವಾಗ ವಿರುಪಮ್ಮ, ಮುಖಕ್ಕೆ ಬಿಗಿ ಮಾಡಬ್ಯಾಡ್ರಿ ಅಂದಳು. ಸ್ಫೂರ್ತಿ ಗಂಟನ್ನು ಸಡಿಲ ಮಾಡಿದಳು.

ತಿಥಿ ಮುಗಿಯಲಿ ಅಂತ ಕಾದು, ಪಕ್ಕೀರಪ್ಪ ಯೂನಿಫಾರ್ಮ್ ಕಳಚಿ, ಪಂಚೆಯುಟ್ಟು ಬಡಿಗೇರರ ಮನೆಗೆ ಹೋದ. ಈಶ್ವರನ ಅಪ್ಪ ಪಡಸಾಲೆಯಲ್ಲಿ ಅರ್ಧ ಕೆಲಸವಾದ ಕಿಟಕಿಯ ಮುಂದೆ ಕುಂತಿದ್ದ. ಪಕ್ಕೀರಪ್ಪ ಸುತ್ತಿ ಬಳಸಿ ಹೇಳಲಿಲ್ಲ. ಮಗ ಮಾಡಿದ್ದನ್ನೂ, ಆಕೆ ಮಾಡಿದ್ದನ್ನೂ, ಕೇಳಿಕೊಂಡಿದ್ದನ್ನೂ ಹೇಳಿದ. ಮುದುಕ ಕೊನೆಯ ತನಕ ಕೇಳಿದ.

"ನನ್ನ ಮಗ ತಪ್ಪು ಮಾಡ್ಯಾನ. ನಮ್ಮ ಕುಲದಾಗ ಯಾರೂ ಮಾಡದ ತಪ್ಪು. ಇಲ್ಲ ಅನ್ನಂಗಿಲ್ಲ."

"ಹಂಗಾದ್ರ..."

"ಈ ಕೈಯಿಂದ ನನ್ನ ಮಗನ ಕಣ್ಣು ಮುಚ್ಚಿ ಬಂದೀನಿ ಪಕ್ಕೀರಪ್ಪ. ಆಕಿ ಮಗಳ ಕಣ್ಣು ಈ ಕೈಯಿಂದ ಆಗಂಗಿಲ್ಲ."

ಸಿನಿಮಾದವರು ಒಂದು ತಿಂಗಳು ನಿಲ್ಲಿಸಿದ್ದರು. ಆಮೇಲೆ ಹೊಸ ಕಟ್ಟಿಗೆ ಗೊಂಬೆ ಕೆತ್ತಿಸಿ ಬೇರೆ ಊರಲ್ಲಿ ಶುರು ಮಾಡಿದರು. ಫೈಬರ್ ಕಾಪಿಗೆ ಮಾಡಿಸಿದ್ದ ಅಚ್ಚು ಅವರ ಹತ್ತಿರ ಇತ್ತು, ಮುಖ ಅದೇ. ದೋಷಾರೋಪ ಪಟ್ಟಿಯಲ್ಲಿ ಕೊಲೆಗೆ ಕಾರಣ ‘ಗೊಂಬೆಯ ವಿಚಾರವಾಗಿ ಉಂಟಾದ ದ್ವೇಷ’ ಅಂತ ಬರೆದರು. ಕಾಗದಕ್ಕೆ ಅಷ್ಟು ಸಾಕು.

ಹೊಸಪೇಟೆ ಕೋರ್ಟಿಗೆ ವಿರುಪಮ್ಮನನ್ನು ಬಳ್ಳಾರಿ ಜೈಲಿನಿಂದ ಕರೆತಂದ ದಿನ ಪಕ್ಕೀರಪ್ಪನಿಗೂ ಅಲ್ಲೇ ಡ್ಯೂಟಿ ಬಿತ್ತು. ಮುದುಕ ಗೊಂಬೆಯ ಕಣ್ಣು ಮುಚ್ಚಲು ಒಪ್ಪಿದ್ದಾನೆ ಅಂತ ಒಂದು ಮಾತು ಹೇಳಿಬಿಡಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಬಾಯಲ್ಲಿಟ್ಟುಕೊಂಡು ಬಂದಿದ್ದ. ಆದರೆ ಬಿಟ್ಟೆನವ್ವ ಅಂತ ಒಬ್ಬ ಆಗಲೇ ಅವಳಿಗೆ ಹೇಳಿಯಾಗಿತ್ತು.

"ಕೇಳ್ದೆ ತಂಗಿ. ಆಗಂಗಿಲ್ಲ ಅಂದ," ಅಂದ.

ವಿರುಪಮ್ಮ ಕೋರ್ಟಿನ ಜಗಲಿಯ ಕಲ್ಲಿನ ಮೇಲೆ ಕುಂತಳು. ಕಾವಲಿಗೆ ಬಂದಿದ್ದ ಸ್ಫೂರ್ತಿ ನೀರಿನ ಬಾಟಲಿ ಚಾಚಿದಳು. ವಿರುಪಮ್ಮ ತಗೊಳ್ಳಲಿಲ್ಲ.

"ಅವನ ಜಾಗಾದಾಗ ನಾನಿದ್ರೂ ಆಗಂಗಿಲ್ಲ ಅಂತಿದ್ದೆ," ಅಂದಳು.