ಬೀಗ ಮುರಿಯದೆ ಬಂದ ಎರಡನೇ ಹೆಸರು

ಹನ್ನೊಂದನೇ ತಾರೀಕು, ಬೆಳಿಗ್ಗೆ ಒಂಬತ್ತೂವರೆ. ಕನ್ನಡಕದ ಅಂಗಡಿಯ ಮಾಲೀಕ ಠಾಣೆಗೆ ಬಂದು ದೂರು ಕೊಟ್ಟ. ಯಾರೋ ತನ್ನ ಮನೆಗೆ ನುಗ್ಗಿ ಹೊಸ ಕಂಪ್ಯೂಟರಿಗೆ ಕೈ ಹಾಕಿದ್ದಾರೆ. ಪಾಸ್‌ವರ್ಡ್ ಹಿಡಿಯುತ್ತಿಲ್ಲ. ಪರದೆಯಲ್ಲಿ ತನ್ನ ಹೆಸರಿನ ಕೆಳಗೆ ಇನ್ನೊಂದು ಹೆಸರು ಬಂದು ಕೂತಿದೆ: ‘ನಾನು’.

“ಏನು ಕಳುವಾಗಿದೆ?” ಇನ್ಸ್‌ಪೆಕ್ಟರ್ ಕೇಳಿದರು.

“ಏನೂ ಇಲ್ಲ ಸಾರ್. ಬೀಗ ರಿಪೇರಿಯವನನ್ನ ಕರೆಸಿ ನಾಲ್ಕು ಬಿಟ್ರೆ ಬಾಯಿ ಬಿಡ್ತಾನೆ. ನಕಲಿ ಕೀಲಿ ಅವನ ಹತ್ರಾನೇ ಇರೋದು.”

“ಬೀಗ ಮುರಿದಿದೆಯಾ?”

“ಇಲ್ಲ.”

“ಇಂಟರ್‌ನೆಟ್ಟಿಂದ ಯಾರಾದ್ರೂ?”

“ಮನೇಲಿ ನೆಟ್ಟೇ ಇಲ್ಲ. ಸೆಟಪ್ ಮಾಡುವಾಗ ನೆಟ್ ಹಾಕು, ಇಮೇಲ್ ಕೊಡು ಅಂತ ಪೀಡಿಸ್ತು. ಕೊಡಲಿಲ್ಲ. ಆ ಡಬ್ಬದೊಳಗೇ ಇರೋ ಖಾತೆ ಮಾಡಿದೆ. ಹೊರಗಿನದು ಒಳಗೆ ಬರಬಾರದು, ಒಳಗಿನದು ಹೊರಗೆ ಹೋಗಬಾರದು.”

ಹೇಳುವಾಗ ಮುಖದಲ್ಲಿ ಹೆಮ್ಮೆಯಿತ್ತು. ಎಫ್‌ಐಆರ್ ಟೈಪ್ ಮಾಡಿ ಮುಗಿಸಿದ ಮಹಿಳಾ ಕಾನ್‌ಸ್ಟೆಬಲ್ ತಲೆಯೆತ್ತಿದಳು. ಠಾಣೆಯ ಕಂಪ್ಯೂಟರ್ ಕೆಲಸವೆಲ್ಲ ಅವಳ ತಲೆಗೇ ಕಟ್ಟಿದ್ದರು.

“ಅಂಥ ಖಾತೆ ಮಾಡುವಾಗ ಮೂರು ಪ್ರಶ್ನೆ ಕೇಳುತ್ತೆ. ಉತ್ತರ ಗೊತ್ತಿದ್ದವರು ಪಾಸ್‌ವರ್ಡ್ ಬದಲಾಯಿಸಬಹುದು. ನೀವು ಯಾವುದು ಆರಿಸಿದ್ರಿ?”

“ಮೊದಲು ಸಾಕಿದ ಪ್ರಾಣಿ, ಮೊದಲ ಶಾಲೆ, ಚಿಕ್ಕಂದಿನ ಅಡ್ಡಹೆಸರು.”

“ಅಡ್ಡಹೆಸರು ಏನು?”

“ಅಳುಬುರುಕ,” ಎಂದ ತಗ್ಗಿದ ದನಿಯಲ್ಲಿ.

“ಇದೆಲ್ಲ ಬೀಗದವನಿಗೆ ಗೊತ್ತಾ?”

“ಛೆ, ಅವನಿಗೆಲ್ಲಿ? ಮನೆಯವರನ್ನ ಬಿಟ್ರೆ...” ಮಾತು ಅಲ್ಲೇ ನಿಂತಿತು.

“ಮನೆಯವರು ಅಂದ್ರೆ?” ಇನ್ಸ್‌ಪೆಕ್ಟರ್ ಕೇಳಿದರು.

“ಒಬ್ಬ ತಂಗಿ. ಬೇರೆ ಊರಲ್ಲಿ ಕೆಲಸದಲ್ಲಿದಾಳೆ.”

“ಅವರ ಫೋನ್ ನಂಬರ್ ಕೊಡಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವನ ಕೈ ಕೀಲಿಯಿದ್ದ ಜೇಬಿಗೆ ಹೋಯಿತು.

“ದೂರು ವಾಪಸ್ ತಗೋತೀನಿ ಸಾರ್.”

“ದೂರಿಗೆ ಎಫ್‌ಐಆರ್ ನಂಬರ್ ಬಿದ್ದಾಯ್ತು. ಸ್ಥಳ ಪಂಚನಾಮೆ ಆಗಲೇಬೇಕು. ನಡೀರಿ.”

ಹತ್ತು ಐವತ್ತಕ್ಕೆ ಇಬ್ಬರು ಪಂಚರ ಎದುರು ಬೀಗ ತೆಗೆಸಿದರು. ಕಿಟಕಿಗಳಿಗೆಲ್ಲ ಹಲಗೆ ಹೊಡೆದಿತ್ತು. ಬಾಗಿಲ ಹಿಂದೆಯೇ ತಂಗಿ ನಿಂತಿದ್ದಳು, ಕಾಲಿಗೆ ಚಪ್ಪಲಿ ಹಾಕಿಕೊಂಡು. ಕಾನ್‌ಸ್ಟೆಬಲ್ ಅವಳ ಕೈ ಹಿಡಿದಳು.

ತಂಗಿಯ ಹೇಳಿಕೆ: “ಹದಿನಾಲ್ಕು ತಿಂಗಳಾಯ್ತು. ಪಕ್ಕದ ಗಿರಣಿ ಸದ್ದಿಗೆ ಎಷ್ಟು ಕೂಗಿದ್ರೂ ಯಾರಿಗೂ ಕೇಳಲಿಲ್ಲ. ಫೋನಿಲ್ಲ, ನೆಟ್ಟಿಲ್ಲ. ಆ ಡಬ್ಬದಿಂದ ಒಂದಕ್ಷರ ಹೊರಗೆ ಹೋಗಲ್ಲ. ಆದ್ರೆ ಅಣ್ಣ ದಿನಾ ಹೊರಗೆ ಹೋಗ್ತಾನಲ್ಲ. ಊರನ್ನೆಲ್ಲ ಅನುಮಾನಿಸ್ತಾನೆ, ನನಗೆ ಇಷ್ಟು ಬುದ್ಧಿ ಇದೆ ಅಂತ ಮಾತ್ರ ಅನ್ಕೊಳ್ಳಲ್ಲ. ಹೊಸ ಹೆಸರು ನೋಡಿದ್ರೆ ಪೊಲೀಸರ ಹತ್ರಾನೇ ಓಡ್ತಾನೆ ಅಂತ ಗೊತ್ತಿತ್ತು.”

ಹನ್ನೆರಡೂಕಾಲಿಗೆ ಅಕ್ರಮ ಬಂಧನದ ಆರೋಪದ ಮೇಲೆ ಅಣ್ಣನನ್ನು ದಸ್ತಗಿರಿ ಮಾಡಲಾಯಿತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವನ ಮೇಲೆ ಇನ್ಸ್‌ಪೆಕ್ಟರಿಗೆ ಸಿಟ್ಟು ಇಳಿದಿರಲಿಲ್ಲ. ಆದರೂ ಠಾಣೆಯಲ್ಲಿ ಕಾರಣ ಕೇಳಿ ಬರೆಸಿಕೊಂಡರು. ಅವನಿಗೆ ಒಂಬತ್ತು, ತಂಗಿಗೆ ಆರು ವರ್ಷವಿದ್ದಾಗ ಅಮ್ಮ ‘ಈಗ ಬಂದೆ’ ಎಂದು ಹೋದವಳು ಬರಲೇ ಇಲ್ಲ. ತಂಗಿಗೆ ದೂರದ ಊರಿನ ಕೆಲಸದ ಆದೇಶ ಬಂದ ದಿನವೇ ಅವನು ಬೀಗ ಕೊಂಡು ತಂದಿದ್ದ.

“ಇವಳೂ ಹೋಗ್ಬಿಟ್ರೆ ನನಗೆ ಯಾರಿದಾರೆ ಸಾರ್?” ಎಂದು ಬಿಕ್ಕಿದ.

ಗೋಡೆಯಾಚೆಯ ಬೆಂಚಿನಲ್ಲಿ ಕೂತಿದ್ದ ತಂಗಿಗೆ ಅದು ಕೇಳಿಸಿತು. ತನ್ನ ಹೇಳಿಕೆಗೆ ಸಹಿ ಹಾಕಿ ಪೆನ್ನು ಕೆಳಗಿಟ್ಟಳು.

“ಅಮ್ಮ ನನ್ನನ್ನೂ ಬಿಟ್ಟೇ ಹೋಗಿದ್ದು,” ಎಂದಳು ಕಾನ್‌ಸ್ಟೆಬಲ್‌ಗೆ. “ನಾನು ಯಾರನ್ನ ಕೂಡಿ ಹಾಕಿದೆ?”