ಪರಿಶೀಲಕರು ಬದಲಾಗಿದ್ದಾರೆ

"ನನ್ನ ಹೃದಯವನ್ನ ತಿರಸ್ಕರಿಸಿದ್ದು ಯಾರು?"

ಬಾಗಿಲು ತಳ್ಳಿಕೊಂಡು ಒಳಬಂದವಳ ಪ್ರಶ್ನೆಗೆ ಕೋಣೆಯಲ್ಲಿದ್ದ ಎಂಟು ಮಂದಿಯೂ ಒಮ್ಮೆಲೇ ತಲೆಯೆತ್ತಿದರು. ಯಾರೋ ಕೆಮ್ಮಿದರು. ಇನ್ಯಾರೋ ನಗು ತಡೆಯಲಾಗದೆ ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡರು.

ತಾನು ಆಡಿದ ಮಾತು ಅವಳ ಕಿವಿಗೂ ಬಿದ್ದದ್ದು ಆಗಲೇ! ಕೆನ್ನೆ ಬಿಸಿಯಾಯಿತು. ಆದರೆ ಬಂದದ್ದೇ ಜಗಳಕ್ಕೆ. ಹಿಂದೆ ಸರಿಯುವ ಜಾಯಮಾನ ಅವಳದಲ್ಲ.

"ಅಂದ್ರೆ... ಹೃದಯದ ಪಾಠ. ಏಳನೇದು. ಯಾರು ವಾಪಸ್ ಕಳಿಸಿದ್ದು?"

ಕಿಟಕಿ ಪಕ್ಕದ ಮೇಜಿನಿಂದ ಒಬ್ಬ ಎದ್ದು ನಿಂತ. ಎತ್ತರದ ಆಳು. ಅಂಗಿಯ ತೋಳಿನ ಮೇಲೆ ಒಂದು ಹಸಿರು ಕಲೆ.

"ನಾನೇ," ಎಂದ ಮೆಲ್ಲಗೆ. "ನಿಮ್ಮ ಹೃದಯ ಚೆನ್ನಾಗೇ ಇದೆ ಮೇಡಂ. ಬಾಗಿಲು ಮಾತ್ರ ಸರಿಯಾಗಿ ಮುಚ್ತಿಲ್ಲ."

ಈ ಸಲ ನಗು ಯಾರಿಂದಲೂ ತಡೆಯಲಾಗಲಿಲ್ಲ.

ಅವಳು ನರ್ಸಿಂಗ್ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುವವಳು. ಹೃದಯದ ಪಾಠ ಬಂತೆಂದರೆ ಮೈಮೇಲೆ ಆವೇಶ ಬಂದವಳಂತೆ ಪಾಠ ಮಾಡುತ್ತಾಳೆ, ಪ್ರಿನ್ಸಿಪಾಲರ ಎದುರಿಗೂ ಮುಖಕ್ಕೆ ಹೊಡೆದಂತೆ ಮಾತಾಡುತ್ತಾಳೆ. ಎರಡಕ್ಕೂ ಸೇರಿಸಿ ವಿದ್ಯಾರ್ಥಿನಿಯರು ಇಟ್ಟ ಹೆಸರು 'ಗುಂಡಿಗೆ ಮೇಡಂ'.

ನರ್ಸಿಂಗ್, ಫಾರ್ಮಸಿ, ಜೀವವಿಜ್ಞಾನ ಕಲಿಸುವ ಹತ್ತಾರು ಕಾಲೇಜುಗಳ ಅಧ್ಯಾಪಕರು ಸೇರಿ ಒಂದು ಜಾಲತಾಣ ಕಟ್ಟಿದ್ದರು. ಅದರ ಹೆಸರು 'ಪಾಠ ಭಂಡಾರ', ಈ ಕೋಣೆ ಅದರ ಕಚೇರಿ. ಯಾರು ಬೇಕಾದರೂ ತಮ್ಮ ವಿಡಿಯೋ, ಚಿತ್ರ, ಪ್ರಶ್ನೆಪತ್ರಿಕೆಗಳನ್ನು ಅದಕ್ಕೆ ಕೊಡಬಹುದು, ಯಾರು ಬೇಕಾದರೂ ತೆಗೆದುಕೊಂಡು ತಮ್ಮ ತರಗತಿಯಲ್ಲಿ ಬಳಸಬಹುದು. ಒಂದೇ ಷರತ್ತು: ಇನ್ನೊಬ್ಬ ಅಧ್ಯಾಪಕರು ಪರಿಶೀಲಿಸಿ ಸರಿಯೆನ್ನಬೇಕು.

ಅವಳು ಎರಡು ವರ್ಷದಿಂದ ಹೃದಯದ ಪಾಠಗಳನ್ನು ಮಾಡುತ್ತಿದ್ದಳು. ಚಿತ್ರಗಳೆಲ್ಲ ಕೈಯಲ್ಲೇ ಬರೆದವು. ಬೀದಿಯ ಸದ್ದು ಬರಬಾರದೆಂದು ತಲೆಗೆ ದಪ್ಪ ಕಂಬಳಿ ಹೊದ್ದು ಧ್ವನಿ ಮುದ್ರಿಸಿದ್ದಳು. "ಉಸಿರುಕಟ್ಟಿ ಬೀಳ್ತೀಯ ಕಣೇ ಪುಟ್ಟಿ!" ಎಂದು ಅಕ್ಕ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಳು.

ಅಷ್ಟು ಕಷ್ಟಪಟ್ಟ ಪಾಠಕ್ಕೆ ಈ ಹಸಿರು ತೋಳಿನ ಮನುಷ್ಯ ಕೊಕ್ಕೆ ಹಾಕುವುದೇ?

"ನೀವು ಯಾವ ವಿಷಯ ಕಲಿಸೋದು?" ಎಂದಳು ಹುಬ್ಬೇರಿಸಿ.

"ಜೀವವಿಜ್ಞಾನ. ಹೆಚ್ಚಾಗಿ ಪಾಚಿ."

"ಪಾಚಿ ಬೆಳೆಸೋರಿಗೆ ಹೃದಯದ ಸಂಗತಿ ಏನು ಗೊತ್ತಾಗತ್ತೆ?"

ಅವನು ಸಿಟ್ಟಾಗಲಿಲ್ಲ. ಅವಳ ವಿಡಿಯೋ ಹಾಕಿ, ಒಂದು ಕಡೆ ನಿಲ್ಲಿಸಿ, ಕುರ್ಚಿ ಎಳೆದು ಕೊಟ್ಟ.

"ನೋಡಿ, ಕೆಳಗಿನ ಕೋಣೆ ಹಿಂಡ್ತಾ ಇದೆ. ಮೇಲಿನ ಕವಾಟ ಇನ್ನೂ ತೆರೆದೇ ಇದೆ. ರಕ್ತ ಬಂದ ದಾರೀಲೇ ವಾಪಸ್ ಹೋಗಲ್ವಾ?"

"ಅದು... ಅರ್ಧ ಸೆಕೆಂಡು!"

"ಅರ್ಧ ಸೆಕೆಂಡಲ್ಲಿ ಹೃದಯ ಏನೆಲ್ಲ ಮಾಡತ್ತೆ ಅಂತ ನಿಮಗೆ ನಾನು ಹೇಳ್ಬೇಕಾ ಮೇಡಂ?"

ಅವಳು ದಡಕ್ಕನೆ ಎದ್ದು ಹೋದಳು. ಮೆಟ್ಟಿಲಿಳಿಯುವಾಗಲೇ ಗೊತ್ತಾಗಿತ್ತು... ಅವನು ಹೇಳಿದ್ದು ಅಕ್ಷರಶಃ ಸರಿ.

ಎರಡೇ ದಿನದಲ್ಲಿ ತಿದ್ದಿ ಕಳಿಸಿದಳು. ಪರಿಶೀಲಕರ ಟಿಪ್ಪಣಿಯ ಜಾಗದಲ್ಲಿ ಎರಡು ಸಾಲು ಬಂದಿತ್ತು: "ಈಗ ಒಂದು ಹನಿಯೂ ಹಿಂದಕ್ಕೆ ಹೋಗುವುದಿಲ್ಲ. ನನ್ನ ತರಗತಿಯಲ್ಲಿ ಇವತ್ತೇ ತೋರಿಸಿದೆ."

ಇವತ್ತೇ!

ಆ ಸಾಲನ್ನು ಅವಳು ಎಷ್ಟು ಸಲ ಓದಿದಳೆಂದು ಕೇಳಬೇಡಿ.

ಅಂದಿನಿಂದ ಬುಧವಾರ ಮಧ್ಯಾಹ್ನಗಳು ಭಂಡಾರದ ಕಚೇರಿಗೆ ಮೀಸಲಾದವು. ಅವನು ಅವಳ ಪಾಠಗಳಲ್ಲಿ ತಪ್ಪು ಹುಡುಕುತ್ತಿದ್ದ. ಅವಳು ಅವನ ಪಾಠಗಳಿಗೆ ಜೀವ ತುಂಬುತ್ತಿದ್ದಳು. ಅವನ ಪಾಠಗಳಲ್ಲಿ ಒಂದಕ್ಷರ ತಪ್ಪಿರುತ್ತಿರಲಿಲ್ಲ, ಆದರೆ ಕೇಳುವವರು ಎಚ್ಚರವಾಗಿರುವುದೇ ಕಷ್ಟ. "ಪಾಚಿ ಸರ್, ನಿಮ್ಮ ವಿಡಿಯೋ ಹಾಕಿದ್ರೆ ನಮ್ಮಜ್ಜಿಗೂ ನಿದ್ದೆ ಬಂತು, ಥ್ಯಾಂಕ್ಸ್" ಎಂದು ಯಾವಳೋ ವಿದ್ಯಾರ್ಥಿನಿ ಕೆಳಗೆ ಬರೆದಿದ್ದಳು.

"ಮಂತ್ರ ಹೇಳಿದ ಹಾಗೆ ಓದ್ಬೇಡಿ ಸರ್. ಎದುರಿಗೆ ಒಬ್ಬರು ಕೂತಿದಾರೆ ಅಂದ್ಕೊಂಡು ಮಾತಾಡಿ."

"ಯಾರು ಕೂತಿದಾರೆ ಅಂದ್ಕೊಳ್ಲಿ?"

"ಯಾರಾದ್ರೂ! ನನ್ನನ್ನೇ ಅಂದ್ಕೊಳ್ಳಿ."

ಅಂದವಳು ತಕ್ಷಣ ಪೆನ್ನಿನ ಮುಚ್ಚಳ ಹುಡುಕತೊಡಗಿದಳು. ಅದು ಪೆನ್ನಿನ ಮೇಲೆಯೇ ಇತ್ತು.

ಮುಂದಿನ ವಾರದ ಅವನ ಪಾಠವನ್ನು ಮುನ್ನೂರು ಮಂದಿ ಕೊನೆಯವರೆಗೂ ನೋಡಿದರು.

ಅಕ್ಕ ಆಸ್ಪತ್ರೆಯಲ್ಲಿ ವಾರ್ಡಿನ ಹಿರಿಯ ನರ್ಸು. ಮನುಷ್ಯರ ಮುಖ ನೋಡಿಯೇ ಜ್ವರ ಎಷ್ಟೆಂದು ಹೇಳಬಲ್ಲವಳು. "ಪುಟ್ಟಿ, ಬುಧವಾರ ಮಾತ್ರ ನೀನು ತಲೆ ಎರಡು ಸಲ ಬಾಚ್ಕೋತೀಯ. ನಾನು ಏನಾದ್ರೂ ಕೇಳಿದೀನಾ? ಇಲ್ಲ ತಾನೆ?" ಎಂದು ಒಂದು ದಿನ ಬಟ್ಟೆ ಮಡಚುತ್ತಾ ಅಂದಳು.

"ಅಕ್ಕಾ!"

"ಕೇಳಲಿಲ್ಲ ಅಂತ ಹೇಳ್ದೆ, ಅಷ್ಟೇ."

ಒಂಬತ್ತನೆಯ ಪಾಠ ಮಾಡಲು ಅವಳಿಗೆ ಎರಡು ತಿಂಗಳು ಹಿಡಿಯಿತು. ಹೃದಯ ದಣಿದಾಗ ದೇಹದಲ್ಲಿ ಏನಾಗುತ್ತದೆ ಎಂಬ ಪಾಠ. ಅವಳು ಅದನ್ನು ಅಮ್ಮನ ಕಾಲುಗಳಿಂದ ಶುರು ಮಾಡಿದ್ದಳು.

ಅಮ್ಮನ ಚಪ್ಪಲಿ ಒಂದು ದಿನ ಇದ್ದಕ್ಕಿದ್ದಂತೆ ಕಾಲಿಗೆ ಹಿಡಿಸದೆ ಹೋಯಿತು. ಅಮ್ಮ ನಕ್ಕು, "ವಯಸ್ಸಾದ್ಮೇಲೆ ಪಾದಾನೂ ಬೆಳೆಯತ್ತೇನೋ" ಅಂದಿದ್ದರು. ಆಗಿನ್ನೂ ಓದುತ್ತಿದ್ದ ಅವಳೂ ಜೊತೆಗೆ ನಕ್ಕಿದ್ದಳು. ಅದು ಬಾವು, ಹೃದಯ ಸೋಲುತ್ತಿರುವ ಗುರುತು ಎಂದು ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು. "ರೋಗಿ ನಕ್ಕರೂ ನೀವು ಕಾಲು ನೋಡಿ," ಎಂದು ಪಾಠದಲ್ಲಿ ಹೇಳುವಾಗ ಅವಳ ಧ್ವನಿ ನಡುಗಿತ್ತು. ಅದನ್ನು ಹಾಗೆಯೇ ಬಿಟ್ಟಿದ್ದಳು.

ಅಮ್ಮನ ವಿಷಯವನ್ನು ಅಕ್ಕನ ಹೊರತು ಯಾರ ಹತ್ತಿರವೂ ಆಡಿದವಳಲ್ಲ. ಅವನಿಗೆ ಕಳಿಸುವ ಮುನ್ನ ಮೂರು ಸಲ ಕಂಪ್ಯೂಟರ್ ಮುಚ್ಚಿ ತೆರೆದಿದ್ದಳು.

ಮೂರನೆಯ ದಿನ ಜಾಲತಾಣದಿಂದ ಸಂದೇಶ ಬಂತು.

"ನಿಮ್ಮ ಪಾಠದ ಪರಿಶೀಲಕರು ಬದಲಾಗಿದ್ದಾರೆ."

ಅಷ್ಟೇ. ಅವನಿಂದ ಒಂದು ಸಾಲೂ ಇಲ್ಲ!

'ಎದೆ ಬಿಚ್ಚಿ ತೋರಿಸಿದ್ದೇ ತಪ್ಪಾಯ್ತು... ಪಾಠ ಕೇಳಿದ್ರೆ ಗೋಳು ಹೇಳ್ಕೊಂಡಳು ಅಂತ ಕೈ ತೊಳ್ಕೊಂಡ್ಬಿಟ್ರು...'

ಆ ಬುಧವಾರ ಅವಳು ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಅವನ ಎರಡು ಕರೆಗಳು ಬಂದು ತಾವಾಗಿಯೇ ನಿಂತವು. ಯಾವ ಮುಖ ಇಟ್ಟುಕೊಂಡು ಎತ್ತುವುದು?

"ನಮ್ಮ ವಾರ್ಡಿನ ಹುಡುಗೀರು ಒಂಬತ್ತನೇ ಪಾಠ ಯಾವಾಗ ಅಂತ ಪ್ರಾಣ ತಿಂತಿದಾರೆ," ಎಂದಳು ಅಕ್ಕ.

"ಪಾಚಿ ಸರ್ ಅದರ ಪರಿಶೀಲನೆ ಬಿಟ್ಬಿಟ್ರು. ಅದನ್ನ ವಾಪಸ್ ತಗೋತೀನಿ ಅಕ್ಕ."

ಅಕ್ಕ ತಂಗಿಯ ಮುಖವನ್ನೇ ದಿಟ್ಟಿಸಿದಳು. "ತಗೋ. ಆದ್ರೆ ಅದು ನಮ್ಮಮ್ಮನ ಪಾಠ. ಯಾಕೆ ಬಿಟ್ರು ಅಂತ ಕೇಳಿ ತಿಳ್ಕೊಂಡು ಆಮೇಲೆ ತಗೋ. ಗುಂಡಿಗೆ ಮೇಡಂ ಅಂತೆ, ಹೆಸರಿಗೆ ಮಾತ್ರ!"

ಆ ಮಾತು ನಾಟಿತು. ಮರುದಿನ ಬೆಳಗ್ಗೆಯೇ ಭಂಡಾರದ ಸಂಚಾಲಕಿಯ ಎದುರು ಕುಳಿತಳು. ಅಂಗರಚನಾಶಾಸ್ತ್ರ ಕಲಿಸಿ ನಿವೃತ್ತರಾದ ಹಿರಿಯ ಮೇಡಂ ಅವರು. ಸುತ್ತಿ ಬಳಸಿ ಮಾತಾಡುವ ಅಭ್ಯಾಸವೇ ಇಲ್ಲ.

"ಪರಿಶೀಲಕರು ಬದಲಾದ್ರೆ ಕಾರಣ ತಿಳ್ಕೊಳ್ಳೋ ಹಕ್ಕು ಪಾಠ ಮಾಡಿದವರಿಗೆ ಇದೆಯಮ್ಮ. ನೀನು ಯಾವಾಗ ಕೇಳ್ತೀಯ ಅಂತ ಇಷ್ಟು ದಿನ ನಾನೇ ಕಾಯ್ತಾ ಇದ್ದೆ," ಎನ್ನುತ್ತಾ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು.

ಅದು ಪರಿಶೀಲಕರು ತುಂಬುವ ಅರ್ಜಿ. ನಾಲ್ಕನೆಯ ಪ್ರಶ್ನೆ ಹೀಗಿತ್ತು: 'ಪಾಠ ಸಿದ್ಧಪಡಿಸಿದವರೊಂದಿಗೆ ನಿಷ್ಪಕ್ಷಪಾತಕ್ಕೆ ಅಡ್ಡಿಯಾಗುವ ಯಾವುದಾದರೂ ಸಂಬಂಧ ನಿಮಗಿದೆಯೇ?'

'ಇದೆ' ಎಂದು ಗುರುತು ಹಾಕಿತ್ತು. ಅದರ ಕೆಳಗೆ, ವಿವರ ಬರೆಯುವ ಜಾಗದಲ್ಲಿ...

'ನನ್ನ ಕಡೆಯಿಂದ ಇದೆ. ಅವರಿಗೆ ಗೊತ್ತಿಲ್ಲ.'

ಅವಳಿಗೆ ಅಕ್ಷರಗಳೆಲ್ಲ ಮಂಜಾದವು.

"ಮೂವತ್ತೈದು ವರ್ಷದ ಕೆಲಸದಲ್ಲಿ ಇಂಥಾ ಅರ್ಜಿ ನಾನು ನೋಡಿರಲಿಲ್ಲ," ಎಂದರು ಹಿರಿಯ ಮೇಡಂ ಕನ್ನಡಕ ಒರೆಸುತ್ತಾ. "ಈಗ ಅವರು ಕಾಲೇಜಿನ ಪ್ರಯೋಗಾಲಯದಲ್ಲಿ ಇರ್ತಾರೆ. ಇಲ್ಲಿ ಕೂತು ನನ್ನ ಮುಖ ಏನು ನೋಡ್ತೀಯ?"

ಅವನ ಪ್ರಯೋಗಾಲಯದ ಕಿಟಕಿಗಳ ಉದ್ದಕ್ಕೂ ಗಾಜಿನ ಜಾಡಿಗಳು ಸಾಲಾಗಿ ನಿಂತಿದ್ದವು. ಒಳಗೆಲ್ಲ ಹಸಿರು, ನೂರು ಬಗೆಯ ಹಸಿರು. ಅವನೊಬ್ಬನೇ ಮೊಬೈಲನ್ನು ಮೂರುಕಾಲಿನ ಕಂಬಕ್ಕೆ ಸಿಕ್ಕಿಸಿ ಒಂದು ಜಾಡಿಯನ್ನು ಎತ್ತಿ ಹಿಡಿದಿದ್ದ. ಅವಳನ್ನು ಕಂಡದ್ದೇ ಜಾಡಿ ಕೈಯಿಂದ ಜಾರುವುದರಲ್ಲಿತ್ತು.

"ಮೇಡಂ..."

"ಎರಡು ವಾರ!" ಅವಳು ಬಾಗಿಲಿನಿಂದಲೇ ಕೂಗಿದಳು. "ಅಮ್ಮನ ವಿಷಯ ಹೇಳ್ಕೊಂಡೆ ಅಂತ ನಿಮಗೆ ಬೇಜಾರಾಯ್ತು ಅಂದ್ಕೊಂಡೆ. ಎಷ್ಟು ಅತ್ತೆ ಗೊತ್ತಾ?"

"ಬೇಜಾರಾ?" ಅವನು ದಿಗಿಲುಬಿದ್ದ. "ಅಯ್ಯೋ, ಇಲ್ಲ! ಆ ಪಾಠ ಐದು ಸಲ ನೋಡಿದೆ. ಒಂದೇ ಒಂದು ತಪ್ಪೂ ಸಿಗಲಿಲ್ಲ. ತಪ್ಪು ಇಲ್ವೋ, ನನ್ನ ಕಣ್ಣಿಗೆ ಕಾಣ್ತಿಲ್ವೋ, ಅದೇ ಗೊತ್ತಾಗಲಿಲ್ಲ. ನಿಮ್ಮಮ್ಮನ ಪಾಠ ಅದು. ಅದರಲ್ಲಿ ತಪ್ಪು ಉಳಿಯೋ ಹಾಗೆ ಮಾಡೋಕೆ ನನಗೆ ಮನಸ್ಸು ಬರಲಿಲ್ಲ. ಅದಕ್ಕೇ ಬೇರೆಯವರಿಗೆ ಕೊಡಿ ಅಂದೆ. ನಿಮಗೆ ನಾನೇ ಹೇಳ್ಬೇಕಿತ್ತು... ಎರಡು ಸಲ ಫೋನ್ ಮಾಡಿದೆ. ಮೂರನೇ ಸಲಕ್ಕೆ ಧೈರ್ಯ ಸಾಲಲಿಲ್ಲ."

ಅವಳು ಕಣ್ಣೊರೆಸಿಕೊಂಡಳು.

"ಹೊಸ ಪರಿಶೀಲಕರು ನಿನ್ನೆ ಟಿಪ್ಪಣಿ ಕಳಿಸಿದಾರೆ. ಅವರಿಗೆ ಎರಡು ತಪ್ಪು ಸಿಕ್ಕಿವೆ."

"ಎರಡಾ?"

"ಒಂದು ಔಷಧಿಯ ಅಳತೆ. ಇನ್ನೊಂದು ಚಿತ್ರದಲ್ಲಿ ಬಾಣದ ಗುರುತು ಉಲ್ಟಾ."

ಅವನು ಹಣೆ ಚಚ್ಚಿಕೊಂಡ. "ನೋಡಿದ್ರಾ! ಐದು ಸಲ ನೋಡಿದೆ. ಬಾಣ ಉಲ್ಟಾ ಇದ್ದದ್ದೂ ಕಾಣಲಿಲ್ಲ. ನನ್ನ ಪರಿಸ್ಥಿತಿ ಎಷ್ಟು ಕೆಟ್ಟಿದೆ ಅಂತ ಈಗಲಾದ್ರೂ ಗೊತ್ತಾಯ್ತಾ?"

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿ ಬಂತು. ಎಷ್ಟೋ ದಿನಗಳ ಮೇಲೆ ಬಂದ ನಗು. ನಿಲ್ಲಲೇ ಇಲ್ಲ. ಅವನೂ ನಕ್ಕ, ಅರ್ಧ ನಾಚಿಕೆಯಿಂದ, ಅರ್ಧ ಭಯದಿಂದ.

"ಅರ್ಜಿಯಲ್ಲಿ ನೀವು ಬರೆದಿದ್ದು ಪೂರ್ತಿ ಸರಿಯಿಲ್ಲ ಸರ್," ಎಂದಳು ಹತ್ತಿರ ಬಂದು.

"ಯಾಕೆ?"

"ನನ್ನ ಕಡೆಯಿಂದ ಇದೆ ಅಂತ ಬರೆದಿದೀರಲ್ಲ..." ಅವಳು ತಲೆತಗ್ಗಿಸಿದಳು. "ಎರಡೂ ಕಡೆಯಿಂದ ಅಂತ ತಿದ್ದಬೇಕು."

ಅವನು ಕೈಯಲ್ಲಿದ್ದ ಜಾಡಿಯನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

ಕಂಬದ ಕಡೆ ಕಣ್ಣು ಹಾಯಿಸಿ ಅವನು ಮೆಲ್ಲಗೆ, ಅಳುಕುತ್ತಾ ಅಂದ:

"ಒಂದು ವಿಷಯ ಹೇಳಿದ್ರೆ ಬೈಯಲ್ಲ ತಾನೆ? ಮೊಬೈಲು... ಆಗಿಂದ ಓಡ್ತಾನೇ ಇದೆ. ಎಲ್ಲ ರೆಕಾರ್ಡ್ ಆಗಿದೆ. ಅಳಿಸಿಬಿಡ್ಲಾ?"

ಅವಳು ಆ ಪುಟ್ಟ ಕೆಂಪು ಚುಕ್ಕೆಯನ್ನು ನೋಡಿದಳು. ಆಮೇಲೆ ಅವನ ಭುಜಕ್ಕೆ ತಲೆಯಾನಿಸಿದಳು.

"ಬೇಡ, ಇರಲಿ," ಎಂದಳು ಪಿಸುಮಾತಿನಲ್ಲಿ. "ಭಂಡಾರಕ್ಕೆ ಮಾತ್ರ ಹಾಕ್ಬೇಡಿ."