ಹಲಗೆಯ ಮೇಲೆ ಚಾಚಿದ ಕೈ

“ಇನ್ನೊಂದು! ಬೀಜ ಸಮೇತ ಅಗಿಯೋ... ಐನೂರು ಬೊಲಿವಿಯಾನೊ ನಿಂದೇ!”

ಬೆನಿಗ್ನೊ ಮೇಜು ಗುದ್ದಿ ನಗುತ್ತಿದ್ದ. ಎದುರಿಗೆ ಕುಳಿತ ಹಿರಿಯ ಮಗ ಒವಿದಿಯೊ ಹತ್ತನೆಯ ಲೊಕೋತೊ ಮೆಣಸಿನಕಾಯಿಯನ್ನು ಬಾಯಿಗೆ ತುರುಕಿಕೊಂಡ. ಕಣ್ಣು, ಮೂಗು, ಬಾಯಿ ಎಲ್ಲವೂ ಒಟ್ಟಿಗೆ ಸುರಿಯುತ್ತಿದ್ದವು. ಬೇಯಿಸಿದ ಮರಗೆಣಸಿನ ತಟ್ಟೆ ಹಿಡಿದು ನಿಂತಿದ್ದ ಅವನ ಹೆಂಡತಿ ನಿಯೆವೆಸ್ ಅದನ್ನು ಕೆಳಗಿಟ್ಟು ನೀರಿನ ಲೋಟ ತಂದು ಗಂಡನ ಮುಂದಿಟ್ಟಳು.

ಸಕ್ಕರೆ ಕಾರ್ಖಾನೆ ಮುಚ್ಚಿ ಒವಿದಿಯೊನ ಕೆಲಸ ಹೋದ ಮೇಲೆ ಗಂಡಹೆಂಡಿರು ಸಾಂತಾ ಕ್ರೂಸ್‌ನ ಈ ಮನೆಗೆ ಬಂದು ಎಂಟು ತಿಂಗಳಾಗಿತ್ತು. ದನದ ವ್ಯಾಪಾರದಲ್ಲಿ ದುಡ್ಡು ಮಾಡಿದ್ದ ಮಾವ ಊಟ ಹಾಕುತ್ತಿದ್ದ. ತುತ್ತಿಗೊಂದು ಚುಚ್ಚುಮಾತನ್ನೂ ಹಾಕುತ್ತಿದ್ದ. ಆ ಭಾನುವಾರ ಬೆಳಿಗ್ಗೆಯೇ ಅವಳು ಗಂಡನೆದುರು ಅತ್ತಿದ್ದಳು: “ಹೇಗಾದ್ರೂ ಮಾಡಿ ನನ್ನನ್ನ ಇಲ್ಲಿಂದ ಕರ್ಕೊಂಡು ಹೋಗ್ರೀ...” ಹಳೆಯ ಲಾರಿಯೊಂದನ್ನು ಕೊಂಡರೆ ಬೇರೆ ಮನೆ ಮಾಡಬಹುದೆಂದು ಅವನಿಗೂ ಆಸೆ. ಈಗ ಆ ಆಸೆಯನ್ನೇ ಹಿಡಿದು ಅಪ್ಪ ಕುಣಿಸುತ್ತಿದ್ದ!

“ಮೆಣಸಿನಕಾಯಿ ಯಾರು ಬೇಕಾದ್ರೂ ತಿಂತಾರೆ. ಕೆಂಡ ಹಿಡಿ ನೋಡೋಣ. ಹತ್ತು ಎಣಿಸೋವರೆಗೆ. ಐದು ಸಾವಿರ!”

“ಬೇಡ ಮಾವ! ನಿಮ್ಮ ಕಾಲಿಗೆ ಬೀಳ್ತೀನಿ...”

“ನೀನು ಸುಮ್ನಿರಮ್ಮ. ಎಂಟು ತಿಂಗಳು ಬಿಟ್ಟಿ ತಿಂದಿದ್ದು ಸಾಲ್ದಾ?”

ಒವಿದಿಯೊ ಎದ್ದ. ಮಾಂಸ ಸುಡುತ್ತಿದ್ದ ಒಲೆಯಿಂದ ಕೆಂಡವೊಂದನ್ನು ಎಡಗೈಯಲ್ಲಿ ಎತ್ತಿಕೊಂಡ. ಒಂದು... ಎರಡು... ಅಯ್ಯೋ, ಆ ವಾಸನೆ! ಏಳು ಎನ್ನುವಷ್ಟರಲ್ಲಿ ಬಾಗಿಲಿಂದ ನುಗ್ಗಿಬಂದವನೊಬ್ಬ ಆ ಕೆಂಡವನ್ನು ಹೊಡೆದು ಬೀಳಿಸಿದ. ಕಿರಿಯ ಮಗ ಲಿಸಾಂದ್ರೊ. ಗಾರೆ ಕೆಲಸ ಮಾಡಿಕೊಂಡು ಬೇರೆ ಇದ್ದವನು, ಭಾನುವಾರದ ಊಟಕ್ಕೆ ಬಂದಿದ್ದ.

“ತಲೆ ಕೆಟ್ಟಿದ್ಯಾ ಅಪ್ಪ ನಿಂಗೆ? ಹೆತ್ತ ಮಗನ ಕೈ ಸುಟ್ಟು ಮಜಾ ತಗೋತೀಯಾ?”

“ಬಂದ ನೋಡು ದೊಡ್ಡ ನ್ಯಾಯವಂತ!” ಬೆನಿಗ್ನೊ ಒಳಗಿಂದ ನೋಟಿನ ಕಟ್ಟು ತಂದು ಮೇಜಿನ ಮೇಲೆ ಎಸೆದ. “ಐವತ್ತು ಸಾವಿರ. ಒವಿದಿಯೊ, ಇವನ ಎರಡು ಬೆರಳು ಕತ್ತರಿಸು. ತಗೊಂಡು ಹೋಗು!”

ಲಿಸಾಂದ್ರೊ ನಕ್ಕುಬಿಟ್ಟ. ತಾಯಿ ಸತ್ತಾಗ ನಾಲ್ಕು ವರ್ಷದ ಅವನಿಗೆ ತುತ್ತಿಟ್ಟು ಬೆಳೆಸಿದವನು ಈ ಅಣ್ಣನೇ. ಅಂಗಿಯ ತೋಳು ಮಡಚಿ, ಮಾಂಸ ಕೊಚ್ಚುವ ಹಲಗೆಯ ಮೇಲೆ, ಮಚ್ಚಿನ ಪಕ್ಕದಲ್ಲೇ, ಬಲಗೈ ಚಾಚಿದ.

“ಕತ್ತರಿಸು ಅಣ್ಣ. ದುಡ್ಡಿಗೆ ಏನೇನು ಸಿಗಲ್ಲ ಅಂತ ಈ ಮುದುಕ ಒಂದ್ಸಲ ಕಣ್ಣಾರೆ ನೋಡ್ಲಿ!”

ಅವನ ದೃಷ್ಟಿ ಅಪ್ಪನ ಮೇಲಿತ್ತು. ಗಂಡನ ಮುಖ ನೋಡಿದವಳು ನಿಯೆವೆಸ್ ಒಬ್ಬಳೇ. ಆ ಕಣ್ಣುಗಳು ತಮ್ಮನ ಕೈಯನ್ನು ನೋಡುತ್ತಿರಲಿಲ್ಲ... ನೋಟಿನ ಕಟ್ಟನ್ನು ನೋಡುತ್ತಿದ್ದವು!

“ರೀ...!”

ಮಚ್ಚು ಇಳಿದೇಬಿಟ್ಟಿತು.

ಎರಡು ಬೆರಳು ಹಲಗೆಯ ಮೇಲೆ ಬೇರೆಯಾಗಿ ಬಿದ್ದವು. ಲಿಸಾಂದ್ರೊ ನಂಬಲಾಗದೆ ಅಣ್ಣನನ್ನೇ ನೋಡುತ್ತಿದ್ದ. ಬೆನಿಗ್ನೊನ ಮುಖ ಬಿಳಿಚಿಕೊಂಡಿತು.

“ನಾನು... ತಮಾಷೆಗೆ ಅಂದಿದ್ದು ಕಣೋ... ನೀನು ಹೊಡೆದೇಬಿಟ್ಯಲ್ಲೋ!”

“ತಗೋ ನಿಯೆವೆಸ್...” ಒವಿದಿಯೊ ಕಟ್ಟನ್ನು ಅವಳತ್ತ ನೂಕುತ್ತಿದ್ದ. “ಹೊರಡೋಣ... ಹೇಗಾದ್ರೂ ಅಂತ ನೀನೇ ತಾನೆ ಅಂದಿದ್ದು?”

ಅವಳು ಕಟ್ಟನ್ನು ಪಕ್ಕಕ್ಕೆ ತಳ್ಳಿದಳು. ಮೈದುನನ ಕೈಗೆ ಬಟ್ಟೆ ಬಿಗಿದು, ಅವನನ್ನು ಹಿಡಿದುಕೊಂಡು ಬೀದಿಗೆ ಓಡಿದಳು.

ಆಸ್ಪತ್ರೆಯಲ್ಲಿ ಬೆರಳುಗಳನ್ನು ಮತ್ತೆ ಕೂಡಿಸಲಾಗಲಿಲ್ಲ. ನಿಯೆವೆಸ್ ತಾಯಿಯ ಮನೆ ಸೇರಿದಳು. ಗಂಡನ ಮುಖವನ್ನು ಮತ್ತೆ ನೋಡಲಿಲ್ಲ. ಒವಿದಿಯೊ ಆ ಹಣವನ್ನು ಅಲ್ಲೇ ಬಿಟ್ಟು ಅಪ್ಪನ ಮನೆಯಿಂದ ಹೊರಬಿದ್ದ.

ಮೂರು ತಿಂಗಳ ನಂತರ, ಗಡ್ಡ ಬೆಳೆದು ಸೊರಗಿದ ಒಬ್ಬ ಲಿಸಾಂದ್ರೊನ ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದ. ಲಿಸಾಂದ್ರೊ ಬಾಗಿಲನ್ನು ಪೂರ್ತಿ ತೆರೆದ.

“ಊಟ ಆಯ್ತಾ?”

ಒವಿದಿಯೊ ಇಲ್ಲವೆಂದು ತಲೆಯಾಡಿಸಿದ. ತಮ್ಮನ ಬಲಗೈಯಲ್ಲಿ ಉಳಿದ ಮೂರು ಬೆರಳಲ್ಲಿ ಸೌಟು ನಿಲ್ಲದೆ ಎರಡು ಸಲ ಜಾರಿತು. ಕೊನೆಗೂ ಲಿಸಾಂದ್ರೊ ಬಡಿಸಿ ತಟ್ಟೆಯನ್ನು ಮುಂದಿಟ್ಟ.

“ಕ್ಷಮಿಸಿದೆ ಅಂದ್ಕೋಬೇಡ. ನಂಗೆ ಅದು ಆಗಲ್ಲ... ಆದ್ರೆ ನೀನು ಹಸಿದಿರೋದನ್ನ ನೋಡ್ತಾ ಕೂತ್ಕೊಳ್ಳೋಕೂ ಆಗಲ್ಲ ಅಣ್ಣ. ತಿನ್ನು.”

ಬಿಕ್ಕುತ್ತಾ, ತಲೆ ಎತ್ತದೆ, ಒವಿದಿಯೊ ತಿನ್ನತೊಡಗಿದ.